ದನದ ಚಾನೆಲ್ಲಿಗೆ ಸೋಮವಾರದ ರಜೆ

ಪಾಂಡವಪುರದಲ್ಲಿ ಟೀವಿ ಇದ್ದ ಮನೆಯವರಿಗೆಲ್ಲ ಕೇಬಲ್ಲು ರಹಮತುಲ್ಲಾ ಬೇಕಾದವನು, ಕರೆಂಟಿನವನಿಗಿಂತ ಒಂದು ಕೈ ಹೆಚ್ಚು. ಕರೆಂಟು ಹೋದರೆ ಜನ ಸರ್ಕಾರವನ್ನು ಬೈದು ಸುಮ್ಮನಾಗುತ್ತಿದ್ದರು. ಕೇಬಲ್ಲು ಹೋದರೆ ಅವನ ಮನೆಬಾಗಿಲಿಗೇ ಬರುತ್ತಿದ್ದರು. ಹಾಗೆ ಬಂದವರ ಮೇಲೆ ಅವನಿಗೆ ಬೇಸರವೇನೂ ಇರಲಿಲ್ಲ. ಬಂದು ಬೈಯುವವನು ಗಿರಾಕಿ, ಬೈಯದೆ ಮನೆಯಲ್ಲೇ ಕೂತವನು ನಾಳೆ ಚಲುವರಾಜುವಿನ ಪಾಲು ಎನ್ನುವುದು ಅವನ ಲೆಕ್ಕ. ಚಲುವರಾಜು ಎಂದರೆ ಸ್ಟೇಷನ್ ಕಡೆಯಿಂದ ಹೊಸದಾಗಿ ಕೇಬಲ್ಲು ಎಳೆದುಕೊಂಡು, ಕಂಬದಿಂದ ಕಂಬಕ್ಕೆ ಮಂಗನ ಹಾಗೆ ದಾಟುತ್ತ ಊರೊಳಗೆ ಬರುತ್ತಿದ್ದ ಇನ್ನೊಬ್ಬ ಕೇಬಲ್ಲಿನವನು.

ರಹಮತುಲ್ಲಾನ ಮಹಡಿಯ ಮೇಲೆ ಅಂಗಾತ ಮಲಗಿಸಿದ ಛತ್ರಿಯಂಥ ಡಿಶ್ಶು. ಕೆಳಗಿನ ಕೋಣೆಯಲ್ಲಿ ಒಂದರ ಮೇಲೊಂದು ಎಂಟು ಪೆಟ್ಟಿಗೆ, ಪೆಟ್ಟಿಗೆಗೊಂದು ಚಾನೆಲ್ಲು. ಒಂಬತ್ತನೆಯದು ಬೇಕೆಂದರೆ ಎಂಟರಲ್ಲಿ ಒಂದು ಹೋಗಬೇಕು. ಅಲ್ಲಿಂದ ಹೊರಟ ತಂತಿ ಒಂದೂವರೆ ಬೀದಿ ಓಡುವಷ್ಟರಲ್ಲಿ ಸುಸ್ತಾಗುತ್ತಿತ್ತು. ಅದಕ್ಕೆ ನಡುದಾರಿಯಲ್ಲಿ ಬಲ ತುಂಬುವುದಕ್ಕೆ ಒಂದು ಬೂಸ್ಟರ್ ಡಬ್ಬ ಬೇಕು. ಡಬ್ಬಕ್ಕೆ ಕರೆಂಟು ಬೇಕು. ಕರೆಂಟಿಗೆ ಯಾರಾದರೂ ಪುಣ್ಯಾತ್ಮರ ಗೋಡೆ ಬೇಕು. ಆ ಗೋಡೆ ಹೊನ್ನಪ್ಪನದು. ಅವನ ಮನೆಯಿಂದಾಚೆಗಿನ ಅಷ್ಟೂ ಬೀದಿಗಳ ಟೀವಿಗಳು ಆ ಡಬ್ಬದಲ್ಲಿ ಉಸಿರಾಡುತ್ತಿದ್ದವು. ಗೋಡೆ ಕೊಟ್ಟದ್ದಕ್ಕೆ ಹೊನ್ನಪ್ಪನಿಗೆ ಕೇಬಲ್ಲು ಬಿಟ್ಟಿ.

ಹೊನ್ನಪ್ಪ ಒಂದು ಕಾಲದ ದನದ ದಳ್ಳಾಳಿ. ಕೆ.ಆರ್. ಪೇಟೆ, ನಾಗಮಂಗಲ, ಇತ್ತ ಶ್ರೀರಂಗಪಟ್ಟಣ, ಎಲ್ಲಿ ನಾಲ್ಕು ಜೊತೆ ಎತ್ತು ಸೇರಿದರೂ ಅಲ್ಲಿ ಹೊನ್ನಪ್ಪ ಇರಲೇಬೇಕು. ಮಾರುವವನ ಕೈ, ಕೊಳ್ಳುವವನ ಕೈ, ಎರಡನ್ನೂ ತನ್ನ ಟವೆಲಿನ ಕೆಳಗೆ ಸೇರಿಸಿ, ಬೆರಳು ಹಿಡಿದು ಹಿಡಿದೇ ವ್ಯಾಪಾರ ಕುದುರಿಸುವವನು. ಟವೆಲಿನ ಮೇಲೆ ಎಷ್ಟು ಬೇಕಾದರೂ ಕೂಗಾಡಬಹುದು, ಹೆಂಡತಿ ಮಕ್ಕಳ ಮೇಲೆ ಆಣೆ ಇಡಬಹುದು. ಬೆಲೆ ಮಾತ್ರ ಟವೆಲಿನ ಕೆಳಗೆ: ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು. ಈಗ ಮಂಡಿ ಕೈಕೊಟ್ಟು, ಜಗಲಿಯೇ ಅವನ ಸಂತೆಯಾಗಿತ್ತು.

ಮೂರು ವರ್ಷದ ಹಿಂದಿನ ಮಾತು. ರಹಮತುಲ್ಲಾ ಹೊನ್ನಪ್ಪನ ಮನೆಯ ಟೀವಿ ಮುಂದೆ ಕೂತು, ತನ್ನ ಮಹಡಿಯ ಮೇಲೆ ಡಿಶ್ಶು ತಿರುಗಿಸುತ್ತಿದ್ದ ಹುಡುಗನಿಗೆ ಬೀದಿಯಾಚೆಯಿಂದ ಕೂಗು ಹಾಕಿಸುತ್ತ, ಯಾವುದೋ ಸಿನಿಮಾ ಚಾನೆಲ್ಲಿಗಾಗಿ ಹುಡುಕುತ್ತಿದ್ದ. ಪರದೆಯ ಮೇಲೆ ಬಿಳಿ ಚುಕ್ಕಿ ಸುರಿದು ಸುರಿದು ಒಮ್ಮೆಗೇ ಒಂದು ಹಸು ಬಂತು. ಹಿಂದೆಯೇ ಇನ್ನೊಂದು. ಯಾವುದೋ ದೇಶದ ದನದ ಹರಾಜು. ದೊಡ್ಡ ಟೋಪಿಯವನೊಬ್ಬ ಬಾಣಲೆಯಲ್ಲಿ ಕಡಲೆ ಸಿಡಿದ ಹಾಗೆ ಬಡಬಡ ಕೂಗುತ್ತಿದ್ದ.

"ನಿಲ್ಸ್ಲಾ ಅಲ್ಲೇ!" ಅಂದ ಹೊನ್ನಪ್ಪ. "ಅಲ್ಲಾಡ್ಸಿದ್ರೆ ನಿನ್ ಕೈ ಮುರೀತೀನಿ."

ಅಂದಿನಿಂದ ಅದು ದನದ ಚಾನೆಲ್ಲು. ಅದರ ನಿಜವಾದ ಹೆಸರು ಏನೆಂದು ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಗಲೂ ರಾತ್ರಿ ದನ. ಬಾಗಿಲಿಗೆ ಎದುರಾಗಿ ಟೀವಿ ಇಟ್ಟು, ಜಗಲಿಯ ಮೇಲೆ ಹೊನ್ನಪ್ಪ. ಪಕ್ಕದಲ್ಲಿ ಎತ್ತಿನಗಾಡಿ ಹೊಡೆದು ಹೊಡೆದು ಬೆನ್ನು ಬಾಗಿದ್ದ ಮರಿಯಯ್ಯ. ಚಿನಕುರಳಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಕೆಂಪಣ್ಣ. ಜಗಲಿ ಸಾಲದಾದಾಗ ಮೆಟ್ಟಿಲ ಮೇಲೆ ಇನ್ನಷ್ಟು ಮಂದಿ.

"ಇಣಿಲೇ ಇಲ್ವಲ್ಲಾ ಇದ್ಕೆ. ನೊಗ ಎಲ್ಲಿ ಮಡಗ್ತಾರೆ, ತಲೆ ಮ್ಯಾಲಾ?" ಮರಿಯಯ್ಯನ ದಿನದ ಪ್ರಶ್ನೆ ಇದು. ಹೆಗಲ ಮೇಲೆ ಹಿಣಿಲಿನ ಡುಬ್ಬವಿಲ್ಲದ ಎತ್ತನ್ನು ಅವನ ಮನಸ್ಸು ಎತ್ತೆಂದು ಕೊನೆಗೂ ಒಪ್ಪಲಿಲ್ಲ.

"ಅಲ್ಲಾ, ಊರ್ಗೆಲ್ಲ ಕೇಳೋ ಅಂಗೆ ರೇಟು ಕೂಗ್ತಾ ಅವ್ನಲ್ಲ, ಮಾನ ಮರ್ವಾದೆ ಬ್ಯಾಡ್ವಾ?" ಇದು ಹೊನ್ನಪ್ಪನದು. ಬೈಯುತ್ತಲೇ ತನ್ನ ಟವೆಲು ಹಾಸಿ, ಕೆಂಪಣ್ಣನ ಕೈಯನ್ನು ಅದರ ಕೆಳಗೆ ಎಳೆದು, ಆ ಹಸುವಿಗೆ ತನ್ನ ಬೆಲೆ ಹಿಡಿಯುತ್ತಿದ್ದ. ಸಾವಿರಾರು ಹರದಾರಿ ಆಚೆಗಿನ ಹಸುವನ್ನು ಪಾಂಡವಪುರದ ಜಗಲಿಯಲ್ಲಿ ಅವನು ಮಾರುತ್ತಿದ್ದ, ಕೆಂಪಣ್ಣ ಕೊಳ್ಳುತ್ತಿದ್ದ. ಸಂಜೆ ಬಸ್ಸಿಗೆ ಹೊರಡುವಾಗ ಕೆಂಪಣ್ಣನ ಮುಖದಲ್ಲಿ ನಾಲ್ಕು ಜೊತೆ ಕಟ್ಟಿಕೊಂಡು ಹೋಗುವವನ ಕಳೆ ಇರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ರಹಮತುಲ್ಲಾನ ಮನೆಗೆ ಬೀದಿಯ ತಾಯಂದಿರ ದಂಡು ಬಂತು. ದಂಡಿನ ಮುಂದೆ ಹೊನ್ನಪ್ಪನ ಸೊಸೆ ಮಂಗಳಮ್ಮ. ಸೊಂಟದಲ್ಲಿ ಮೂರು ತುಂಬಿದ ಮಗಳು ಚಿನ್ನು.

"ರಹಮತ್ತಣ್ಣ, ಮೈಸೂರ್ನಲ್ಲಿ ನಮ್ಮಕ್ಕನ ಮನೇಲಿ ಒಂದು ಚಾನೆಲ್ ಬತ್ತದೆ. ಇಪ್ಪತ್ನಾಲ್ಕು ಗಂಟೇನೂ ಸಣ್ ಮಕ್ಕಳ್ದೇ. ಹಾಡು, ಕುಣ್ತ, ಎಲ್ಲಾ ಇಂಗ್ಲಿಷು. ಅದ ಹಾಕ್ಕೊಡಿ."

"ಇಪ್ಪತ್ನಾಲ್ಕು ಗಂಟೆನಾ? ಸರಿರಾತ್ರೀಲಿ ಯಾವ ಮಗು ಎದ್ದು ನೋಡ್ತದಮ್ಮ?"

"ಯಾವಾಗ ಎದ್ರೂ ಇರ್ತದಲ್ಲ."

"ಬಾವಿ ನೀರಂಗೆ."

"ನಗ್ಬ್ಯಾಡಿ ಅಣ್ಣ. ಹೊಸ ಇಂಗ್ಲಿಷ್ ಸ್ಕೂಲಲ್ಲಿ ಮಿಸ್ಸು ಕೇಳಿದ್ರು, ಮನೇಲಿ ಮಗು ಕಿವಿಗೆ ಇಂಗ್ಲಿಷ್ ಬೀಳ್ತದಾ ಅಂತ. ಏನ್ ಹೇಳ್ಲಿ? ಇವ್ಳ ಕಿವಿಗೆ ಬೀಳೋದು ಕೆಚ್ಚಲು, ಹಲ್ಲು, ಸುಳಿ. ಮೊನ್ನೆ ನೆಂಟ್ರು ಬಂದಿದ್ರು. ಇವ್ಳು ಓಗಿ ನಮ್ ಚಿಕ್ಕತ್ತೆ ಬಾಯಿ ಅಗಲಿಸಿ, 'ಆರ್ ಹಲ್ಲು' ಅಂದ್ಳು!"

ಚಿನ್ನು ರಹಮತುಲ್ಲಾನ ಬಾಯಿಯ ಕಡೆಗೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ.

"ಆ ದನದ ಚಾನೆಲ್ ತೆಗೀರಿ," ಅಂದಳು ಮಂಗಳಮ್ಮ. "ಅದ ನೋಡೋರು ಯಾರು? ಕೆಲ್ಸ ಇಲ್ದ ನಾಲ್ಕು ಮುದುಕ್ರು."

"ನಿಮ್ಮ ಮಾವ್ನೋರು ಏನಂತಾರೆ?"

"ಮಾವನ್ನ ಕೇಳ್ಕೊಂಡು ಮಾಡೋದಾಗಿದ್ರೆ ನಿಮ್ಮನೆಗೆ ಯಾಕ್ ಬರ್ತಿದ್ದೆ?"

ರಹಮತುಲ್ಲಾ ದುಡುಕುವವನಲ್ಲ. ಚಾನೆಲ್ಲು ತೆಗೆಯುವ ಮುಂಚೆ ಪರೀಕ್ಷೆ ಮಾಡುವುದು ಅವನ ಪದ್ಧತಿ. ಒಂದು ದಿನ ಬೆಳಿಗ್ಗೆ ಆ ಪೆಟ್ಟಿಗೆಯ ವೈರು ಕಿತ್ತು, ಜಗಲಿಯ ಮೇಲೆ ಕುರ್ಚಿ ಹಾಕಿ, ಚಹಾ ಕುಡಿಯುತ್ತ ಕೂರುವುದು. ಯಾರು ಬರುತ್ತಾರೆ, ಎಷ್ಟು ಮಂದಿ, ಯಾವ ಬೈಗುಳ, ಇಷ್ಟು ನೋಡಿದರೆ ಆ ಚಾನೆಲ್ಲಿನ ತೂಕ ತಿಳಿಯುತ್ತದೆ. ಧಾರಾವಾಹಿ ಚಾನೆಲ್ಲು ಕಿತ್ತಾಗ ಹೆಂಗಸರು ಸೌಟು ಕೈಯಲ್ಲೇ ಹಿಡಿದು ಬಂದಿದ್ದರು. ಕ್ರಿಕೆಟ್ಟಿಗೆ ಕಲ್ಲೇ ಬಿದ್ದಿತ್ತು. ಭಜನೆ ಚಾನೆಲ್ಲಿಗೆ ಬಂದದ್ದು ಮುದುಕಿ ಸಿದ್ದಲಿಂಗಮ್ಮ ಒಬ್ಬಳೇ. ಆದರೆ ಅವಳು ಒಂದು ಹಿಡಿ ಮಣ್ಣು ತೂರಿ ಹಾಕಿದ ಶಾಪಕ್ಕೆ ಹೆದರಿ, ಆ ಚಾನೆಲ್ಲನ್ನು ಅಲ್ಲಾಹುವಿನ ಮೇಲೆ ಭಾರ ಹಾಕಿ ಉಳಿಸಿಕೊಂಡಿದ್ದ.

ಮಾರನೆಯ ದಿನವೇ ದನದ ವೈರು ಕಿತ್ತು ಕೂತ. ಬೆಳಿಗ್ಗೆ ಯಾರೂ ಬರಲಿಲ್ಲ. ಮಧ್ಯಾಹ್ನ ಒಂದು ನಾಯಿ ಬಂದು ಮೂಸಿ ಹೋಯಿತು. ಸಂಜೆಗೆ ಅವನೇ ಸೈಕಲ್ಲು ಹತ್ತಿ ಹೊನ್ನಪ್ಪನ ಮನೆ ಮುಂದೆ ಹಾದುಹೋದ. ಜಗಲಿಯ ಮೇಲೆ ಮೂವರೂ ಇದ್ದರು. ಟೀವಿ ಆರಿತ್ತು. ಎಲೆ ಅಡಿಕೆ ಹಾಕುತ್ತ, ಕಬ್ಬಿನ ಮಾತಾಡುತ್ತ, ಎಷ್ಟೋ ದಿನದಿಂದ ಕಾಣದಿದ್ದ ತೃಪ್ತಿಯಲ್ಲಿ ಕೂತಿದ್ದರು. ಹೊನ್ನಪ್ಪ ಕೈಯೆತ್ತಿ, "ಉಂಡ್ಯೇನ್ಲಾ ರಹಮತ್ತು?" ಎಂದೂ ಕೇಳಿದ. ಬೈಗುಳವಿಲ್ಲ, ಕೊಂಕಿಲ್ಲ.

ರಹಮತುಲ್ಲಾನ ಎದೆ ಹಗುರಾಯಿತು. ಮುದುಕರಿಗೂ ಸಾಕಾಗಿರಬೇಕು, ಬಿಟ್ಟಿ ಸಿಕ್ಕಿದ್ದು ಎಷ್ಟು ದಿನ ರುಚಿಸುತ್ತದೆ ಎಂದುಕೊಂಡ. ಮನೆಗೆ ಬಂದವನೇ ಹುಡುಕಿ ಮಕ್ಕಳ ಚಾನೆಲ್ಲು ಹಿಡಿದು, ದನವಿದ್ದ ಪೆಟ್ಟಿಗೆಗೆ ಅದನ್ನು ಕಟ್ಟಿದ.

ಮಂಗಳವಾರ ಸಂಜೆ ಕೆಂಪಣ್ಣನೇ ಓಡಿಬಂದ. ಬಸ್ಸು ತಪ್ಪಿದರೂ ಓಡದ ಕೆಂಪಣ್ಣ.

"ಗೌಡ್ರು ಕರೀತಾವ್ರೆ. ಈಗ್ಲೇ."

ಹೊನ್ನಪ್ಪನ ಟೀವಿಯಲ್ಲಿ ಒಂದು ಹಳದಿ ಆನೆ ಹಲ್ಲು ಉಜ್ಜಿಕೊಳ್ಳುತ್ತಿತ್ತು. ಉಜ್ಜುತ್ತ ಹಾಡುತ್ತಿತ್ತು.

"ಏನ್ಲಾ ಇದು?"

"ಮಕ್ಕಳ ಚಾನೆಲ್ಲು, ಗೌಡ್ರೆ."

"ದನ ಎಲ್ಲಿ?"

"ತೆಗೆದ್ಬುಟ್ಟೆ. ನೆನ್ನೆ ಇಡೀ ದಿನ ಬಂದ್ ಮಾಡಿದ್ನಲ್ಲ, ನೀವು ಯಾರೂ ಏನೂ ಅನ್ಲಿಲ್ಲ. ನಾನೇ ನಿಮ್ಮುಂದೆ ಓದೆ, ಉಂಡ್ಯಾ ಅಂತ ಕೇಳಿದ್ರಿ."

"ನೆನ್ನೆ ಸ್ವಾಮಾರ ಕಣ್ಲಾ!"

"ಸ್ವಾಮಾರ ಆದ್ರೆ?"

ಹೊನ್ನಪ್ಪ ಮರಿಯಯ್ಯನ ಮುಖ ನೋಡಿದ. ಮರಿಯಯ್ಯ ಆಕಾಶ ನೋಡಿದ.

"ಕೇಳ್ತಾ ಅವ್ನೆ ನೋಡ್ಲಾ, ಸ್ವಾಮಾರ ಆದ್ರೆ ಅಂತ! ಸ್ವಾಮಾರ ಬಸವಣ್ಣನ ದಿನ. ಯಾವಾನಾದ್ರೂ ಸ್ವಾಮಾರ ಎತ್ತಿನ ಕತ್ತಿಗೆ ನೊಗ ಹಾಕ್ತಾನಾ? ಆ ಟೋಪಿಯೋನು ಮೂರ್ ವರ್ಸದಿಂದ ಸ್ವಾಮಾರಾನೂ ದನ ನಿಲ್ಸಿ ಕೂಗ್ತಾ ಇದ್ದ. ನಾವೂ ಪ್ರತಿ ಸ್ವಾಮಾರ ಅವ್ನಿಗೆ ಬೈಕೊಂಡೇ ಬತ್ತಿದ್ದೋ. ನೆನ್ನೆ ಬರ್ನಿಲ್ಲ. ಸದ್ಯ, ಆ ದೇಸದೋರ್ಗೂ ಬುದ್ಧಿ ಬಂತಪ್ಪ, ದನಕ್ಕೊಂದು ಬುಡುವು ಕೊಟ್ರಲ್ಲ ಅಂತ ನೆಮ್ದಿಯಾಗಿ ಕುಂತ್ಕಂಡೋ."

"ಬೈದಿದ್ದು ತಲ್ಪಿರ್ಬೇಕು ಅಂದ್ಕಂಡೋ," ಅಂದ ಮರಿಯಯ್ಯ ಮೆಲ್ಲಗೆ.

ರಹಮತುಲ್ಲಾ ಬಾಯಿಗೆ ಬಂದ ನಗುವನ್ನು ನುಂಗಿದ. ನುಂಗಿದ್ದು ಒಳ್ಳೆಯದಾಯಿತು, ಏಕೆಂದರೆ ಹೊನ್ನಪ್ಪನ ಮುಂದಿನ ಮಾತು ನಗುವಂಥದ್ದಾಗಿರಲಿಲ್ಲ.

"ಇನ್ನೊಂದು ಮಾತಿಲ್ಲ. ಬರೋ ಸ್ವಾಮಾರದೊಳ್ಗೆ ದನ ಬರ್ಬೇಕು. ಇಲ್ದಿದ್ರೆ ನಿನ್ ಡಬ್ಬ ನೀನು ಬಿಚ್ಕೊಂಡು ಓಗು. ನನ್ ಗೋಡೇಲಿ ಚಲುವರಾಜು ಡಬ್ಬ ಕುಂತ್ಕತದೆ. ಅವ್ನು ನೆನ್ನೆ ತಾನೆ ಬಂದು ಕೈ ಮುಗ್ದು ಓದ."

"ಗೌಡ್ರೆ, ಕೇಳಿ ಇಲ್ಲಿ..."

"ನಾನು ಕೇಳೋ ಚಾನೆಲ್ ಅಲ್ಲ, ನೋಡೋ ಚಾನೆಲ್ ಕೇಳ್ತಾ ಇರೋದು. ಓಗ್."

ಬಾಗಿಲ ಸಂದಿಯಿಂದ ಮಂಗಳಮ್ಮ ಕೈ ಅಲ್ಲಾಡಿಸಿ, ತೆಗೀಬ್ಯಾಡಿ ಎಂದು ಸನ್ನೆ ಮಾಡುತ್ತಿದ್ದಳು.

ರಹಮತುಲ್ಲಾ ಮನೆಗೆ ಬಂದು ಊಟದ ಮುಂದೆ ಕೂತವನು ತುತ್ತು ಎತ್ತಲಿಲ್ಲ. ಡಬ್ಬ ಬಿಚ್ಚಿದರೆ ಆಚೆಯ ಬೀದಿಗಳೆಲ್ಲ ಕತ್ತಲೆ. ಮರುದಿನವೇ ಚಲುವರಾಜು ಬೆಳಕು ಹಚ್ಚುತ್ತಾನೆ. ಬೇರೆ ಗೋಡೆ ಹುಡುಕಿದರೆ ತಂತಿ ಸುತ್ತಿ ಬರಬೇಕು, ಚಿತ್ರದಲ್ಲಿ ಮಳೆ ಸುರಿಯುತ್ತದೆ. ದನ ತಂದರೆ ತಾಯಂದಿರು ಬಿಡುವುದಿಲ್ಲ. ಸಿನಿಮಾ ತೆಗೆದರೆ ಊರೇ ಬಿಡುವುದಿಲ್ಲ.

ಹೆಂಡತಿ ಶಾಹಜಹಾನ್ ಬೇಗಂ ಎಲ್ಲ ಕೇಳಿಸಿಕೊಂಡು, ಸಾರಿನ ಪಾತ್ರೆ ಕೆಳಗಿಟ್ಟಳು.

"ಸೋಮವಾರ ಕಿತ್ರಾ ನೀವು? ಯಾ ಅಲ್ಲಾ! ನೀವು ಯಾರ ಮಗ?"

ಅಲ್ಲೇ ಅವನಿಗೆ ಚುರುಕ್ಕೆಂದದ್ದು. ಅವನ ತಂದೆ ಬುಡನ್ ಸಾಬರು ಎತ್ತಿಗೆ ಲಾಳ ಕಟ್ಟುತ್ತಿದ್ದವರು. ಎತ್ತುಗಳಿಗೆ ಸೋಮವಾರ ಕೆಲಸವಿಲ್ಲ. ಆದ್ದರಿಂದ ಸುತ್ತಿನ ಹಳ್ಳಿಯವರೆಲ್ಲ ಸೋಮವಾರವೇ ಎತ್ತು ಹೊಡೆದುಕೊಂಡು ಬಂದು ಲಾಳ ಕಟ್ಟಿಸುವರು. ಊರಿನ ಎತ್ತಿಗೆಲ್ಲ ರಜೆಯಾದ ದಿನ ಬುಡನ್ ಸಾಬರಿಗೆ ತಲೆ ಕೆರೆಯಲೂ ಪುರುಸೊತ್ತಿಲ್ಲ.

"ನಿಮ್ಮ ಅಬ್ಬಾ ಸೋಮವಾರ ಊಟಕ್ಕೂ ಮನೆಗೆ ಬರ್ತಿರಲಿಲ್ಲ ಅಂತ ಅತ್ತೆ ನೂರು ಸಲ ಹೇಳ್ತಿದ್ರು. ಆ ಸೋಮವಾರದ ಅನ್ನ ತಿಂದು ಬೆಳೆದ ಮನುಷ್ಯ ಸೋಮವಾರ ಮರೀತಾನಂತೆ!" ಅಂದಳು. ಅಂದು, ಪಾತ್ರೆ ಮತ್ತೆ ಎತ್ತಿಕೊಂಡಳು. "ಪರೀಕ್ಷೆ ಮಾಡೋದಾದ್ರೆ ಸರಿಯಾಗಿ ಮಾಡಿ. ಆ ಮಕ್ಕಳ ಚಾನೆಲ್ ಕಿತ್ತು ನೋಡಿ. ಬೇರೆ ದಿನ. ತಾಯಂದ್ರು ಎಷ್ಟು ಬೈತಾರೆ ನೋಡೋಣ. ಮುದುಕರ ಬೈಗುಳ ಹೆಚ್ಚೋ, ಅವರದ್ದು ಹೆಚ್ಚೋ, ತೂಗಿ."

ಅದು ಅವನಿಗೂ ಸರಿ ಕಂಡಿತು. ಎರಡು ದಿನ ಬಿಟ್ಟು ಶುಕ್ರವಾರ ಬೆಳಿಗ್ಗೆ, ನಮಾಜಿಗೆ ಇನ್ನೂ ಹೊತ್ತಿರುವಾಗ, ಮಕ್ಕಳ ಚಾನೆಲ್ಲಿನ ವೈರು ಕಿತ್ತು, ಕುರ್ಚಿ ಹಾಕಿ ಕೂತ. ಕಲ್ಲು ಬಿದ್ದರೆ ಇರಲಿ ಎಂದು ಕಿಟಕಿ ಮುಚ್ಚಿದ. ಮಂಗಳಮ್ಮ ದಂಡು ಕಟ್ಟಿಕೊಂಡು ಬಂದಾಗ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡ.

ಬೀದಿ ತಣ್ಣಗಿತ್ತು. ಬರಬರುತ್ತ ಅದೇ ವಿಚಿತ್ರ ಅನ್ನಿಸತೊಡಗಿತು. ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ಗುಡ್ಡೆಯ ಮೇಲೆ ಮಕ್ಕಳೆಲ್ಲ ಉರುಳುತ್ತಿದ್ದವು. ತಾಯಂದಿರು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಬ್ಬಳಾದರೂ ಅವನ ಮನೆಯ ಕಡೆ ತಲೆ ತಿರುಗಿಸಲಿಲ್ಲ. ಮಂಗಳಮ್ಮನೇ ಬಿಂದಿಗೆ ಹಿಡಿದು ಹಾದುಹೋದಳು. ಅವನು ತಾನಾಗಿಯೇ ಎದ್ದು ನಿಂತು ಕೇಳಿದ:

"ಕೇಬಲ್ಲು ಬರ್ತಾ ಇಲ್ಲ ಅಲ್ವಾ ತಂಗ್ಯಮ್ಮ?"

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಅಣ್ಣ, ನಿಮ್ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಅಂಗೇ ಇರ್ಲಿ. ಅದೇ ಹಾಡು, ಅದೇ ಹಾಡು, ಅನ್ನ ಬಸಿಯುವಾಗ್ಲೂ ನನ್ ಬಾಯಲ್ಲಿ ಅದೇ. ಚಿನ್ನು ಮೊದ್ಲು ಒಂದಿನ ನೋಡಿದ್ಳು, ಆಮ್ಯಾಕೆ ಬೀದಿಗೆ ಓದ್ಳು."

"ಮತ್ತೆ ನಿಮ್ಮನೇಲಿ ಅದನ್ನ ಹಾಕ್ಕೊಂಡು ಕುಂತಿರೋರು ಯಾರಮ್ಮ?"

ಮಂಗಳಮ್ಮ ಉತ್ತರ ಕೊಡುವ ಮೊದಲೇ ಬೀದಿಯ ತುದಿಯಲ್ಲಿ ಊರುಗೋಲಿನ ಸದ್ದು ಕೇಳಿತು. ಮಂಡಿ ನೋವೆಂದು ಎರಡು ವರ್ಷದಿಂದ ಜಗಲಿ ಇಳಿಯದಿದ್ದ ಹೊನ್ನಪ್ಪ, ಹೆಗಲ ಮೇಲೆ ಟವೆಲು, ಬೀದಿಯ ನಡುವೆ ಬರುತ್ತಿದ್ದ. ಹಿಂದೆ ಅವನ ಪಂಚೆಯ ತುದಿ ಹಿಡಿದು, ಒಂದು ಕೆನ್ನೆಯಲ್ಲಿ ಬೆಲ್ಲದ ಉಂಡೆ ಇಟ್ಟುಕೊಂಡು ಚಿನ್ನು. ಮೈತುಂಬ ಮರಳು. ಮಂಗಳಮ್ಮ ಸೆರಗು ಬಾಯಿಗಿಟ್ಟು ಪಕ್ಕಕ್ಕೆ ಸರಿದಳು.

"ಲೋ ರಹಮತ್ತು! ಏನ್ ಕಿಸಿದ್ಯಲಾ?"

"ಏನಾಯ್ತು ಗೌಡ್ರೆ?"

"ಏನಾಯ್ತಾ? ಟೀವೀಲಿ ಬರೀ ಚುಕ್ಕಿ! ಮಗು ಬೆಳ್ಗೆಯಿಂದ ಒಂದೇ ಸಮ ಅಳ್ತಾ ಅದೆ!"

ರಹಮತುಲ್ಲಾ ಮಗುವನ್ನು ನೋಡಿದ. ಮಗು ಬೆಲ್ಲವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿತು.

"ಪಾಪ," ಅಂದ ಅವನು.

"ಪಾಪ ಅಂದ್ರೆ ಆಯ್ತಾ? ಎಳೇ ಮಗೀನ ಮನಸ್ಸು. ನೆನ್ನೆ ಆ ಹಸ ಬೇಲಿ ಹಾರಕ್ಕೆ ಓಗಿ ಸಿಗಾಕ್ಕತು. ಮುಂಗಾಲಿನೋನು ಆಚೆ, ಹಿಂಗಾಲಿನೋನು ಈಚೆ. ಅಷ್ಟಕ್ಕೆ ನಿಲ್ಸಿ, ನಾಳೆ ನೋಡಿ ಅನ್ನಂಗೆ ಕೈಬೀಸ್ಬುಟ್ರು. ಆ ಹಿಂಗಾಲಿನೋನು ಈಚೆಗೆ ಬಂದ್ನೋ, ಅಲ್ಲೇ ಹರ್ಕೊಂಡು ಬಿದ್ನೋ..." ಹೊನ್ನಪ್ಪ ಅಲ್ಲಿಗೆ ತಡೆದ. "ಅಂತ ಮಗು ಕೇಳ್ತಾ ಅದೆ."

ಆಮೇಲೆ ಮರಿಯಯ್ಯನಿಂದ ತಿಳಿದದ್ದು ಇಷ್ಟು. ಮಂಗಳವಾರ ರಹಮತುಲ್ಲಾನನ್ನು ಬೈದು ಕಳಿಸಿದ ಮೇಲೆ ಮೂವರಿಗೂ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ಕೂತೇ ಇದ್ದರು. ಆನೆ ಹೋಗಿ, ಕಪ್ಪು ಬಿಳುಪಿನ ಒಂದು ಹಸು ಬಂತು. ಬಟ್ಟೆಯ ಹಸು; ಒಳಗೆ ಇಬ್ಬರು ಮನುಷ್ಯರು. ಮುಂಗಾಲು ಒಬ್ಬನದು, ಹಿಂಗಾಲು ಒಬ್ಬನದು. ಮುಂದಿನವನು ಕುಣಿದರೆ ಹಿಂದಿನವನಿಗೆ ತಿಳಿಯದು. ಜೀವಮಾನವೆಲ್ಲ ದನದ ನಡಿಗೆ ನೋಡಿದ ಹೊನ್ನಪ್ಪನಿಗೆ ಮೊದಲು ಮೈ ಉರಿಯಿತು. "ಇದ್ಕೆ ಸೊಂಟ ಸರಿ ಇಲ್ಲ" ಅಂದ. ಆಮೇಲೆ, "ಹಿಂದಿನೋನು ಒಳ್ಳೇ ದುಡಿಮೆಗಾರ, ಮುಂದಿನೋನೇ ಕಳ್ಳ" ಅಂದ. ಮರುದಿನ ಅದನ್ನು ಖಚಿತ ಮಾಡಿಕೊಳ್ಳಲು ಕೂತರು. ಅದರ ಮರುದಿನ ಕೆಂಪಣ್ಣ ಒಂದು ಬಸ್ಸು ಮುಂಚೆಯೇ ಬಂದ.

ರಹಮತುಲ್ಲಾನಿಗೆ ಇದೆಲ್ಲ ಆ ಕ್ಷಣಕ್ಕೆ ಗೊತ್ತಿರಲಿಲ್ಲ. ಆದರೆ ಹೊನ್ನಪ್ಪನ ಕಣ್ಣು ನೋಡಿದ. ನಾಲ್ಕು ಜನರ ಮುಂದೆ ಡಬ್ಬ ಬಿಚ್ಚು ಎಂದವನು, ಈಗ ಅದೇ ನಾಲ್ಕು ಜನರ ಮುಂದೆ ಆನೆ ಹಸುಗಳ ಕುಣಿತ ಬೇಕು ಎಂದು ಹೇಗೆ ಕೇಳಿಯಾನು? ಅವರೆಕಾಯಿ ಸುಲಿಯುವ ಕೈಗಳೆಲ್ಲ ನಿಂತು ಇತ್ತ ಕಿವಿಗೊಟ್ಟಿದ್ದವು. ಈಗ ಕಿಸಕ್ಕೆಂದು ಒಂದು ನಗೆ ಎದ್ದರೆ ಸಾಕು, ಮುದುಕ ಹಿಂದಿರುಗಿ ಹೋಗಿ ತನ್ನ ಕೈಯಾರೆ ಡಬ್ಬ ಕಿತ್ತು ಬೀದಿಗೆ ಎಸೆಯುತ್ತಾನೆ. ಸೋಲು ಒಪ್ಪುವುದಕ್ಕಿಂತ ಕತ್ತಲೆಯಲ್ಲಿ ಕೂರುವ ಜಾತಿ ಅವನದು.

"ಗೌಡ್ರೆ," ಅಂದ ರಹಮತುಲ್ಲಾ, "ತಪ್ಪು ನಂದು. ನಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಿಡ್ತಿದ್ರು. ಈಗ ವ್ಯವಹಾರ ಮಾತಾಡಣ. ಆದ್ರೆ ಬೀದೀಲಿ ಕೂಗಾಡೋಕೆ ನಾವೇನು ಆ ಟೋಪಿಯೋರಾ? ಟವೆಲು ಹಾಕಿ."

ಹೊನ್ನಪ್ಪ ಅವನನ್ನೇ ಒಂದು ಗಳಿಗೆ ದಿಟ್ಟಿಸಿದ.

"ನಿಂಗೆ ಬೆರಳ ಮಾತು ಬತ್ತದೇನ್ಲಾ?"

"ಬುಡನ್ ಸಾಬರ ಮಗ ಗೌಡ್ರೆ. ಲಾಳದ ಕೊಟ್ಟಿಗೇಲಿ ನಿಮ್ಮ ಟವೆಲಿನ ಕೆಳ್ಗೆ ತೂರಿ ಬೈಸ್ಕೊಂಡಿರೋನು."

ಹೊನ್ನಪ್ಪ ಕುರ್ಚಿಯಲ್ಲಿ ಕೂತ. ಹೆಗಲ ಟವೆಲು ತೆಗೆದು ಕೊಡವಿ, ಇಬ್ಬರ ಕೈಗಳ ಮೇಲೆ ಹಾಸಿದ. ಬೀದಿಯೆಲ್ಲ ಹತ್ತಿರ ಬಂತು. ಹಳೆಯ ದಳ್ಳಾಳಿಯ ಬೆನ್ನು ತಾನಾಗಿ ನೆಟ್ಟಗಾಯಿತು.

"ಮೊದ್ಲು ದನದ್ದು!" ಎಂದು ಗದರಿದ. "ದಿನಕ್ಕೆ ಇಷ್ಟ್ ಗಂಟೆ ದನ ಬೇಕೇ ಬೇಕು! ಒಂದ್ ನಿಮ್ಸ ಕಮ್ಮಿಯಾದ್ರೂ ಡಬ್ಬ ಕಿತ್ ಬಿಸಾಕ್ತೀನಿ!"

ಅಂಗೈ ಪೂರ್ತಿ ಹಿಡಿಯುತ್ತಾನೆಂದು ರಹಮತುಲ್ಲಾ ಕೈ ಬಿಗಿಮಾಡಿಕೊಂಡಿದ್ದ. ಟವೆಲಿನ ಕೆಳಗೆ ಆ ಒರಟು ಕೈ ಹಿಡಿದದ್ದು ಎರಡೇ ಬೆರಳು. ರಹಮತುಲ್ಲಾ ಹುಬ್ಬು ಹಾರಿಸಲು ಹೋಗಿ, ಟವೆಲಿನ ನಿಯಮ ನೆನಪಾಗಿ ಮುಖವನ್ನು ಕಲ್ಲು ಮಾಡಿಕೊಂಡ.

"ಇಷ್ಟಾದ್ರೆ ನಾನು ಬೀದಿಗೆ ಬೀಳ್ತೀನಿ ಗೌಡ್ರೆ!" ಎಂದು ಅವನೂ ಕೂಗಿದ. "ಏನೋ ಹಿರಿಯರು ಅಂತ ಒಪ್ಪಿದೆ. ಮಕ್ಕಳದ್ದು?"

"ಅದು ದರಿದ್ರದ್ದು! ಏನೋ ಎಳೇವು ಅಳ್ತವೆ ಅಂತ ಒಸಿ ಬುಡ್ತೀನಿ, ತಗೋ!"

ಇಡೀ ಅಂಗೈ ಹಿಡಿದ. ಬಿಟ್ಟ. ಮತ್ತೆ ಇಡೀ ಅಂಗೈ ಹಿಡಿದ. ರಹಮತುಲ್ಲಾ ಇಷ್ಟೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ, ಯೋಚಿಸಿದವನ ಹಾಗೆ, ಹೆಬ್ಬೆರಳನ್ನೂ ಬೇರೆಯಾಗಿ ಒಂದು ಸಲ ಅದುಮಿದ. ಟವೆಲಿನ ಮೇಲೆ ಒಬ್ಬ ಹೊನ್ನಪ್ಪ ಮೀಸೆ ಕುಣಿಸಿ ಬೈಯುತ್ತಿದ್ದ. ಟವೆಲಿನ ಕೆಳಗೆ ಬೇರೆ ಹೊನ್ನಪ್ಪನಿದ್ದ.

"ಸ್ವಾಮಾರ?" ಅಂದ ರಹಮತುಲ್ಲಾ.

"ಸ್ವಾಮಾರದ ಮಾತೇ ಆಡ್ಬ್ಯಾಡ! ಅದೊಂದು ಧರ್ಮದ ಮಾತು!" ಎನ್ನುತ್ತ, ಕೆಳಗೆ ಮುಷ್ಟಿ ಕಟ್ಟಿ ಅವನ ಅಂಗೈಯಲ್ಲಿಟ್ಟ. ದನಕ್ಕೆ ಪೂರ್ತಿ ರಜೆ. ದಿನವೆಲ್ಲ ಮಕ್ಕಳದೇ.

ಟವೆಲು ಮತ್ತೆ ಹೆಗಲಿಗೆ ಬಿತ್ತು. ಹೊನ್ನಪ್ಪ ಎದ್ದು ಬೀದಿಯ ಕಡೆ ತಿರುಗಿ, "ಬಗ್ಗಿಸ್ದೆ ನನ್ಮಗನ್ನ," ಎಂದು ಸಾರಿದ. ರಹಮತುಲ್ಲಾ ಸೋತವನ ಮುಖ ಮಾಡಿಕೊಂಡು ನಿಂತ. ಅದೂ ಈ ವ್ಯವಹಾರದ ಒಂದು ಭಾಗವೇ.

"ವೈರು ಎಷ್ಟೊತ್ತಿಗೆ ಸಿಗಿಸ್ತೀಯ?" ಹೊರಟವನು ನಿಂತು ಕೇಳಿದ, ಬೇರೆಲ್ಲೋ ನೋಡುತ್ತ.

"ನೀವು ಮನೆ ಸೇರೋದ್ರೊಳ್ಗೆ."

"ಮಗೀಗೋಸ್ಕರ ಕೇಳ್ದೆ." ಎಂದವನು, ಬಂದದ್ದಕ್ಕಿಂತ ಬಿರುಸಾಗಿ ನಡೆದ. ಚಿನ್ನು ಅವನ ಪಂಚೆ ಬಿಟ್ಟು ಮರಳಿನ ಗುಡ್ಡೆಗೆ ಓಡಿದಳು.

ಮಂಗಳಮ್ಮ ಬಿಂದಿಗೆ ಕೆಳಗಿಟ್ಟು ಬಂದಳು. "ಏನ್ ತೀರ್ಮಾನ ಆಯ್ತಣ್ಣ? ಅಂದ್ರೆ ಆ ಹಾಡು ಮತ್ತೆ..."

"ಟವೆಲಿನ ಕೆಳ್ಗಿಂದು ಹೇಳೋ ಹಾಗಿಲ್ಲಮ್ಮ."

"ನನ್ ಮಗ್ಳಿಗೆ ಇಂಗ್ಲಿಷು?"

"ನಿಮ್ಮ ಮನೇಲಿ ಒಬ್ರಿಗಾದ್ರೂ ಬಂದೇ ಬರ್ತದೆ ಬುಡಮ್ಮ," ಎಂದು ರಹಮತುಲ್ಲಾ ಒಳಗೆ ಹೋಗಿ ವೈರು ಸಿಗಿಸಿದ.

ಸೋಮವಾರ ಅವನು ಏಣಿ ಹೊತ್ತು ಹೊನ್ನಪ್ಪನ ಮನೆಗೆ ಹೋದ. ಡಬ್ಬದ ಒಂದು ತಿರುಪುಮೊಳೆ ಸಡಿಲವಾಗಿತ್ತು. ಮಾತುಕತೆಯ ದಿನಗಳಲ್ಲಿ ಯಾರೋ ಅದನ್ನು ಅರ್ಧ ತಿರುಗಿಸಿ ಇಟ್ಟಿದ್ದರು. ಯಾರೆಂದು ಅವನು ಕೇಳಲಿಲ್ಲ. ಜಗಲಿ ತುಂಬಿತ್ತು. ಟೀವಿಯಲ್ಲಿ ಬೇಲಿ ದಾಟಿ ಬಂದ ಬಟ್ಟೆಯ ಹಸು ಕೊಡೆ ಹಿಡಿದು ಕುಣಿಯುತ್ತಿತ್ತು.

ದಾರಿಯಲ್ಲಿ ಹೋಗುವವನೊಬ್ಬ ನಿಂತು, "ಇದೇನ್ ಗೌಡ್ರೆ, ಗೆದ್ದೆ ಅಂತಿದ್ರಿ. ದನ ಇಲ್ವಲ್ಲ?" ಅಂದ.

"ಸ್ವಾಮಾರ ಕಣಯ್ಯ. ದನಕ್ಕೆ ಬುಡುವು," ಅಂದ ಹೊನ್ನಪ್ಪ, ಕಣ್ಣು ಕೀಳದೆ.

ಕೆಂಪಣ್ಣ ಬಹಳ ಹೊತ್ತಿನಿಂದ ಏನೋ ಯೋಚಿಸುತ್ತಿದ್ದವನು ಬಾಯಿಬಿಟ್ಟ. "ಅಲ್ಲ ಗೌಡ್ರೆ, ಇದೂ ಹಸನೇ ತಾನೆ? ಸ್ವಾಮಾರ ಇಂಗೆ ಕುಣಿಸ್ತಾವ್ರಲ್ಲ, ಪಾಪ ಅಲ್ವಾ?"

ಹೊನ್ನಪ್ಪ ಯೋಚಿಸಿದ. ಏಣಿಯ ಮೇಲಿದ್ದ ರಹಮತುಲ್ಲಾನೂ ಸ್ಕ್ರೂಡ್ರೈವರು ನಿಲ್ಲಿಸಿದ.

"ಅದ್ರೊಳ್ಗಿರೋರು ಮನುಸ್ರು ಕಣ್ಲಾ," ಅಂದ ಹೊನ್ನಪ್ಪ. "ಮನುಸ್ರಿಗೆ ಯಾವತ್ಲಾ ಸ್ವಾಮಾರ?"

ಅಷ್ಟರಲ್ಲಿ ಮೂರನೇ ಬೀದಿಯಿಂದ ಯಾರೋ ಸಿನಿಮಾ ನಿಂತುಹೋಯಿತೆಂದು ರಹಮತುಲ್ಲಾನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಮೊಳೆಯನ್ನು ಇನ್ನೊಂದು ಸುತ್ತು ಬಿಗಿದು, ಏಣಿ ಇಳಿದು, ಬೈಸಿಕೊಳ್ಳಲು ಹೊರಟ.